ಸೀಮೆಸುಣ್ಣದ ಮೇಜುಗಳು

ಮನುಷ್ಯನ ಘನತೆಯೆಲ್ಲ ಅವನು ಕೂರುವ ಪೀಠದಲ್ಲಿದೆ ಎಂದು ನಾನು ಬಹುಕಾಲ ಗಂಭೀರವಾಗಿ ನಂಬಿದ್ದೆ. ನನ್ನ ಪೀಠಕ್ಕೆ ಮೂರು ಕಾಲಿದ್ದವು. ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆಯಿತ್ತು. ಆ ಇಟ್ಟಿಗೆಯನ್ನು ಕಂಡು ನಗದಿದ್ದವರು ಆಫೀಸಿನಲ್ಲಿ ನಮ್ಮ ಮ್ಯಾನೇಜರು ಒಬ್ಬರೇ. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಪ್ಯಾಂಟಿನ ಬಲಮಂಡಿ. ಅದು ಸದಾ ಸೀಮೆಸುಣ್ಣ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮದು ಕೆರೆ ದುರಸ್ತಿ, ಮಹಿಳಾ ಸಂಘ ಎಂದು ಹಳ್ಳಿ ತಿರುಗುವ ಒಂದು ಸ್ವಯಂಸೇವಾ ಸಂಸ್ಥೆ. ಆಫೀಸು ಆಂಧ್ರದ ಗಡಿಯ ಹಿಂದೂಪುರದ ಒಂದು ಬಾಡಿಗೆ ಮನೆ. ಹಳ್ಳಿಗಳೆಲ್ಲ ಕಲ್ಯಾಣದುರ್ಗ, ಸೆಟ್ಟೂರು ಕಡೆ. ಹಾಗಾಗಿ ಅರ್ಧ ವಾರ ನಾವು ಇಲ್ಲಿ, ಅರ್ಧ ವಾರ ಅಲ್ಲಿ. ಆದರೂ ಹಳಬರಿಗೆಲ್ಲ ಒಂದೊಂದು ಸ್ವಂತ ಮೇಜು, ಅದಕ್ಕೊಂದು ಬೀಗ. ಒಡೆಯರು ಹಳ್ಳಿಗೆ ಹೋದಾಗ ಆ ಮೇಜುಗಳು ಧೂಳು ತಿನ್ನುತ್ತಿದ್ದರೆ, ಹೊಸದಾಗಿ ಸೇರಿದವರು ಅವುಗಳ ಪಕ್ಕದಲ್ಲೇ ನೆಲದ ಮೇಲೆ ಕೂತು ವರದಿ ಬರೆಯುತ್ತಿದ್ದರು.

ಒಂದು ಸೋಮವಾರ ಮ್ಯಾನೇಜರು ಮೇಜುಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ, ಮಂಡಿಯೂರಿ, ಕೆಂಪು ಗಾರೆನೆಲದ ಮೇಲೆ ಹೊಸ ಆಫೀಸೊಂದನ್ನು ಬರೆದರು. ನಡುವೆ ಯಾರದೂ ಅಲ್ಲದ ಒಂದು ಉದ್ದನೆಯ ಮೇಜು. ಗೋಡೆಯಲ್ಲಿ ಹೆಸರಿಗೊಂದು ಗೂಡು. ಬಸ್ಸಿಳಿದು ಧೂಳುಗಾಲಲ್ಲಿ ಬರುವವರಿಗೆ ಬಾಗಿಲ ಬಳಿ ನೀರು, ಬೆಂಚು. ಮೂಲೆಯಲ್ಲಿ ಫೋನು; ಹಳ್ಳಿಯವರೊಡನೆ ಕೂಗಿ ಮಾತಾಡುವವರು ಉಳಿದವರ ತಲೆ ತಿನ್ನದಿರಲಿ ಎಂದು ಅದಕ್ಕೊಂದು ಬಿದಿರಿನ ತಡಿಕೆ. ಬಡಗಿಯನ್ನು ಕರೆಯುವ ಮುಂಚೆ ನಾವು ಒಂದು ವಾರ ಆ ಗೆರೆಗಳೊಳಗೆ ಚಾಪೆ ಹಾಸಿಕೊಂಡು ಕೆಲಸ ಮಾಡಿ ತೋರಿಸಬೇಕು. ಅದು ಅವರ ಪದ್ಧತಿ.

“ಸಾರ್, ಮೇಜು ಬರ್ದ್ರಿ, ಅದ್ರ ಮ್ಯಾಲೆ ಒಂದ್ ಲೋಟ ಟೀನೂ ಬರ್ದ್ಬುಡಿ,” ಎಂದಳು ಸೆಟ್ಟೂರಿನ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ.

“ಬರೀತೀನಿ ಕಣಮ್ಮ. ತಡಿಕೆ ಮ್ಯಾಲೆ ನಿಂತಿದ್ದೀಯ, ಮೊದ್ಲು ಈಚೆಗ್ ಬಾ.”

ಇಟ್ಟಿಗೆಯ ಸಮೇತ ನನ್ನ ಪೀಠವನ್ನು ಉಳಿಸಿಕೊಳ್ಳಲು ನಾನು ಹೋರಾಡಿ ಸೋತೆ. ಸೋತ ಮೇಲೆ ಗೆರೆಗಳನ್ನೆಲ್ಲ ನೋಡಿ, “ನಿಮ್ ಜಾಗ ಎಲ್ಲಿ ಸಾರ್?” ಎಂದೆ.

“ನಾನಿರಾದು ಮೂರು ದಿನ ಕಣಪ್ಪ. ಎಲ್ಲಿ ಖಾಲಿ ಐತೋ ಅಲ್ಲಿ ಕೂತ್ಕತೀನಿ.”

ಉಳಿದ ಮೂರು ದಿನ, ಗುರುವಾರದಿಂದ ಶನಿವಾರದವರೆಗೆ, ಅವರು ಕಲ್ಯಾಣದುರ್ಗದ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಹೆಂಡತಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿದ್ದವು. ಇವರು ಹಿಂದೂಪುರದಲ್ಲಿರುವಾಗ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದರು. ಈ ಏರ್ಪಾಡು ನಮಗೆಲ್ಲ ಗೊತ್ತಿತ್ತು, ಮೇಲಿನವರಿಗೆ ಗೊತ್ತಿರಲಿಲ್ಲ.

ಒಮ್ಮೆ ಫೈಲು ಕೊಡಲು ಅಲ್ಲಿಗೆ ಹೋಗಿದ್ದೆ. ಅವರ ಮೇಜು ಮಂಚಕ್ಕೆ ತಾಗಿಕೊಂಡಿತ್ತು. ನೆಲದ ಮೇಲೆ ಅರ್ಧ ಅಳಿಸಿದ ಗೆರೆಗಳು. ಮೇಜನ್ನು ಅಲ್ಲಿಟ್ಟು, ಇಲ್ಲಿಟ್ಟು ನೋಡಿದ ಗುರುತು. ಆಕೆ ಎಡಗೈಯಲ್ಲಿ ಗಂಡನ ಅಂಗಿಯ ತುದಿ ಹಿಡಿದುಕೊಂಡಿದ್ದರು. ಇವರು ಅದನ್ನು ಬಿಡಿಸಿಕೊಳ್ಳದೆ ಬರೆಯುತ್ತಿದ್ದರು.

“ಏನಾರ ಬೇಕಂದ್ರೆ ಜಗ್ತಾಳೆ,” ಎಂದರು. “ಕೂಗಕ್ಕಾಗಲ್ವಲ್ಲಪ್ಪ.”

ಬಡಗಿ ಮಾಡಿ ಮುಗಿಸಿದ ಹೊಸ ಆಫೀಸನ್ನು ನೋಡಲು ಸಂಸ್ಥೆಯ ಅಧ್ಯಕ್ಷರು ಬಂದದ್ದು ಒಂದು ಗುರುವಾರ. ಉದ್ದನೆಯ ಮೇಜನ್ನು ತಟ್ಟಿ ಮೆಚ್ಚಿದರು. ಬೆಂಚಿನ ಮೇಲೆ ಕೂತು ಎದ್ದರು. ಆಮೇಲೆ, “ಮ್ಯಾನೇಜರ್ ಸೀಟು ಎಕ್ಕಡಯ್ಯಾ?” ಎಂದು ತೆಲುಗಿನಲ್ಲಿ ಕೇಳಿದರು.

“ಎಲ್ಲಾ ಸೀಟೂ ಅವ್ರದೇ ಸಾರ್,” ಎಂದಳು ಸೆಟ್ಟೂರಿನಾಕೆ.

“ಸರಿ, ಮನುಷ್ಯ ಎಲ್ಲಿ?”

ಹೇಳಲೇಬೇಕಾಯಿತು. ಎಲ್ಲರಿಗೂ ಜಾಗ ಮಾಡಿ ತನಗೊಂದು ಮಾಡಿಕೊಳ್ಳದವನನ್ನು ಅಧ್ಯಕ್ಷರು, ಅವನಿಲ್ಲದಿದ್ದರೂ ಆಫೀಸು ನಡೆಯುತ್ತದೆ ಎಂಬ ಲೆಕ್ಕಕ್ಕೆ ಹಿಡಿದರು. ಆದೇಶವಾಯಿತು: ಕಿಟಕಿಯ ಬಳಿ ಮ್ಯಾನೇಜರಿಗೆ ಪ್ರತ್ಯೇಕ ಮೇಜು, ವಾರದ ಆರೂ ದಿನ ಅಲ್ಲಿ ಹಾಜರಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಕೆಲಸ ಬಿಟ್ಟರೆ ಹೆಂಡತಿಯ ಔಷಧಿ ನಿಲ್ಲುತ್ತದೆ, ಬಿಡದಿದ್ದರೆ ಅಂಗಿ ಜಗ್ಗುವ ಕೈಗೆ ಅಂಗಿ ಸಿಗುವುದಿಲ್ಲ. ಮ್ಯಾನೇಜರು ಮಂಡಿಯೂರಿ ತಮ್ಮ ಮೇಜಿನ ಗೆರೆಯನ್ನೂ ತಾವೇ ಎಳೆದರು.

“ಒಸಿ ಸಣ್ಣದೇ ಇರ್ಲಿ,” ಎಂದರು. “ನೀವು ಓಡಾಡಕ್ಕೆ ಅಡ್ಡ ಬತ್ತದೆ.”

ನಾವು ಅಧ್ಯಕ್ಷರ ಬಳಿ ಹೋದೆವು. ಸೆಟ್ಟೂರಿನಾಕೆ ಎರಡು ಭಾಷೆಯಲ್ಲೂ ಜಗಳವಾಡಿದಳು. ವಿಚಾರ ಮಾಡೋಣ ಎಂದರು ಅಧ್ಯಕ್ಷರು.

ವಿಚಾರ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ಮ್ಯಾನೇಜರು ತಡಿಕೆಯ ಹಿಂದಕ್ಕೆ ಹೋದರು. ಕಸ ಗುಡಿಸಲು ಸುಲಭವಾಗಲಿ ಎಂದು ಅವರೇ ಅದನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಕಟ್ಟಿಸಿದ್ದರು. ಹೀಗಾಗಿ ನಮಗೆ ಕಂಡದ್ದು ಅವರ ಪಾದಗಳು ಮಾತ್ರ. ಮಾತು ಕೇಳಿಸಲಿಲ್ಲ, ಮೆಲ್ಲಗೆ ಆಡಿದರೋ, ಆಡಲೇ ಇಲ್ಲವೋ. ರಿಸೀವರು ಇಟ್ಟ ಸದ್ದಾಯಿತು. ಪಾದಗಳು ಕದಲಲಿಲ್ಲ. ಉದ್ದನೆಯ ಮೇಜಿನ ಸುತ್ತ ನಾವೆಲ್ಲ ಪೆನ್ನು ಕೆಳಗಿಟ್ಟು ಆ ಪಾದಗಳನ್ನೇ ನೋಡುತ್ತ ಕೂತೆವು.

ಕೊನೆಗೆ ಈಚೆ ಬಂದರು. “ಪಕ್ಕದ್ಮನೆಯಮ್ಮ ಮಾಡಿದ್ರು. ಹೋಗ್ಬುಟ್ಲಂತೆ ಕಣಪ್ಪ. ಕಲ್ಯಾಣದುರ್ಗದ ಬಸ್ಸು ಎಷ್ಟೊತ್ಗೈತೆ ನೋಡು.”

ತಿಥಿ ಮುಗಿಸಿಕೊಂಡು ಅವರು ಬರುವ ಹೊತ್ತಿಗೆ ವಿಚಾರವೂ ಮುಗಿದಿತ್ತು. ಮನೆಯಲ್ಲಿ ಕಾಯಿಲೆಯವರಿದ್ದರೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಬಹುದು. ಮ್ಯಾನೇಜರಿಗಂತೂ ಯಾವ ಕಾರಣವನ್ನೂ ಕೇಳುವುದಿಲ್ಲ. ಅಧ್ಯಕ್ಷರು ಕೆಟ್ಟವರಲ್ಲ, ನಿಧಾನಸ್ಥರು.

“ಅಲ್ಲಿ ಯಾರವ್ರೆ ಕಣಪ್ಪ, ಅಂಗಿ ಜಗ್ಗಕ್ಕೆ?” ಎಂದರು ಮ್ಯಾನೇಜರು. ಆರೂ ದಿನ ಕಿಟಕಿಯ ಬಳಿಯ ಆ ಸಣ್ಣ ಮೇಜಿನಲ್ಲೇ ಕೂತರು.

ಕೆಲಕಾಲದ ನಂತರ ನನ್ನ ತಾಯಿ ಸೋಮಂದೇಪಲ್ಲಿಯ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಹೊಸ ಅಪ್ಪಣೆ ಮೊದಲು ದಕ್ಕಿದ್ದು ನನಗೆ. ಆ ಭಾನುವಾರ ಮ್ಯಾನೇಜರು ಹೇಳದೆ ಕೇಳದೆ ಬಂದರು. ಮಂಚದ ಪಕ್ಕ ಮಂಡಿಯೂರಿ, ಜೇಬಿನಿಂದ ಸೀಮೆಸುಣ್ಣ ತೆಗೆದರು.

“ಯಾರ್ಲಾ ಇವ್ರು, ನನ್ ಮಂಚದ್ ತಾವ ರಂಗೋಲಿ ಬಿಡ್ತಾವ್ರೆ?” ಎಂದರು ತಾಯಿ.

“ನಿಮ್ ಮಗನ್ ಆಫೀಸು ಕಣಮ್ಮ,” ಎಂದು ಗೆರೆ ಮುಗಿಸಿ ನನ್ನ ಕಡೆ ತಿರುಗಿದರು. “ಮೇಜು ಇಲ್ಲೇ ಇಡು. ಅಮ್ಮ ಕೈ ಚಾಚಿದ್ರೆ ನೀನು ಸಿಗ್ಬೇಕು.”

ಎದ್ದಾಗ ಬಲಮಂಡಿ ಬೆಳ್ಳಗಿತ್ತು. ಒರೆಸಿಕೊಳ್ಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನನ್ನ ತಾಯಿಯ ಕೊನೆಯ ವರ್ಷಗಳಲ್ಲಿ ವಾರಕ್ಕೆ ಮೂರು ದಿನ ನಾನು ಆ ಗೆರೆಯೊಳಗೆ ಕೂತಿದ್ದೆ. ಮ್ಯಾನೇಜರು ತಾಯಿಗಿಂತ ಮುಂಚೆ ತೀರಿಕೊಂಡರು, ಹಿಂದೂಪುರದಲ್ಲಿ, ಒಂದು ಗುರುವಾರ. ಮನೆಯಿಂದ ಕೆಲಸ ಮಾಡುವ ಅಪ್ಪಣೆಯನ್ನು ಅವರು ಒಂದು ದಿನವೂ ಬಳಸಿರಲಿಲ್ಲ.