ಹೆಲ್ಮೆಟ್ಟಿನೊಳಗಿನ ಕುಂಕುಮ

ಅಕ್ಕೋರ ಹೆಲ್ಮೆಟ್ಟಿನ ಒಳಗೆ, ಹಣೆ ತಾಗುವ ಸ್ಪಂಜಿನ ಮೇಲೆ, ಒಂದು ಕೆಂಪು ಕಲೆ ಇತ್ತು. ಧಾರವಾಡದ ಹೆಂಗಸು, ಕುಂಕುಮ ಇಡದೆ ಮನೆ ಬಿಡುವವರಲ್ಲ. ಹೆಲ್ಮೆಟ್ ತೆಗೆದರೆ ಅರ್ಧ ಕುಂಕುಮ ಹಣೆಯಲ್ಲಿ, ಅರ್ಧ ಅದರೊಳಗೆ. ಸ್ಟಿಕ್ಕರ್ ಇಟ್ಟುಕೊಳ್ಳಬಾರದೇ ಎಂದು ಒಮ್ಮೆ ಕೇಳಿ ಬೈಸಿಕೊಂಡೆ. "ಹಣಿ ನಂದು, ಕುಂಕುಮ ನಂದು. ನಿನಗೇನವ್ವ ತ್ರಾಸು?"

ತೊಂಬತ್ತರ ದಶಕದ ಕೊನೆಯ ಮಾತು. ಲಂಡನ್ನಿನ ಪಶ್ಚಿಮದ ಅಂಚಿನ ಅಕ್ಸ್‌ಬ್ರಿಡ್ಜ್ ಆಚೆ, ಜಲ್ಲಿ ತೆಗೆದು ಬಿಟ್ಟ ಹೊಂಡಗಳಲ್ಲಿ, ಕೆಸರು ಹಾರಿಸಿಕೊಂಡು ಬೈಕ್ ಓಡಿಸುವವರಿಗೆಂದು ಜಾಗ ಮಾಡಿದ್ದರು. ಬೇಲಿಯ ಆಚೆ ಕಾಲುವೆಯ ದಂಡೆ. ಅಲ್ಲಿ ಕೂಸಿನ ಪ್ರಾಮ್ ತಳ್ಳುವವರು, ನಾಯಿ ಹಿಡಿದವರು. ಬೈಕುಗಳು ಬೇಲಿ ದಾಟದಂತೆ ಕಾಯುವುದು ನಮ್ಮ ಗಸ್ತಿನ ಕೆಲಸ, ಗಸ್ತಿನವರಿಗೆ ತರಬೇತಿ ಕೊಡುವುದು ಅಕ್ಕೋರ ಕೆಲಸ. ಅವರ ಗಂಡ ಮೂಳೆ ಡಾಕ್ಟರು. ನಾನು ಕ್ರೋಯ್ಡನ್‌ನಿಂದ ಬರುತ್ತಿದ್ದ, ಉಡುಪಿ ಕಡೆಯ ಕ್ರಿಶ್ಚಿಯನ್ ಹೆಣ್ಣು. ಮ್ಯಾಡಮ್ ಎಂದರೆ ಸಿಡುಕುತ್ತಿದ್ದರು. ಅವರೂರಲ್ಲಿ ಟೀಚರಿಗೆ ಅಕ್ಕೋರು ಎನ್ನುತ್ತಾರಂತೆ, ನಾನೂ ಹಾಗೇ ಅನ್ನಬೇಕಾಯಿತು.

ಅವರ ಮೊದಲ ಪಾಠವೇ ಕಡೆಯ ಪಾಠ. ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿ, ನನಗೆ ಮಾತ್ರ ಕನ್ನಡದಲ್ಲಿ ಇನ್ನೊಮ್ಮೆ ಕುಟ್ಟುತ್ತಿದ್ದರು. "ಮೊದ್ಲ ಎಂಜಿನ್ ಬಂದ್ ಮಾಡು. ಆಮ್ಯಾಲೆ ಹೆಲ್ಮೆಟ್ ತಗಿ. ಆಮ್ಯಾಲೆ ಬಾಯಿ ತಗಿ. ಮಾರಿ ತೋರಸದವರು ಕಾನೂನು ಹೇಳಬಾರದು." ಓಡಿಹೋಗುವವನನ್ನು ಬೆನ್ನಟ್ಟುವುದಂತೂ ಕೂಡದು. ಹೆದರಿ ಓಡಿದವರ ಮೂಳೆಗಳನ್ನು ಗಂಡ ಜೋಡಿಸಿದ ಕತೆಗಳನ್ನು ಅವರು ವರ್ಷಗಟ್ಟಲೆ ಕೇಳಿದ್ದರು.

ಹೊಸ ಮ್ಯಾನೇಜರಿಗೆ ಇದೆಲ್ಲ ಪುಕ್ಕಲುತನವಾಗಿ ಕಂಡಿತು. ಆತ ತಪಾಸಣೆಗೆ ಬಂದ ಭಾನುವಾರವೇ ಮಡ್‌ಗಾರ್ಡ್ ಮುರಿದ ಬೈಕಿನ ಒಬ್ಬ ಸವಾರ ಬೇಲಿ ಹಾರಿಸಿ ಕಾಲುವೆ ದಂಡೆಗೆ ಇಳಿದ. "ಗೋ ಆನ್! ಆಫ್ಟರ್ ಹಿಮ್!" ಎಂದು ಮ್ಯಾನೇಜರ್ ನನ್ನತ್ತ ಕೂಗಿದ. ನಾನು ಕಿಕ್ ಹೊಡೆದೆ. ಅಕ್ಕೋರು ಬಂದು ನನ್ನ ಬೈಕಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

"ಓಡ್ಲಿ ಬಿಡು. ಮನೀಗೆ ಹೋಗ್ತಾನ, ಮಸಣಕ್ಕಲ್ಲ."

ನೀನು ನನ್ನ ಆಜ್ಞೆ ಮೀರುತ್ತಿದ್ದೀಯ, ಕೆಲಸ ಉಳಿಯುವುದಿಲ್ಲ ಎಂದು ಆತ ಗುಡುಗಿದ. ಅಕ್ಕೋರು ತಮ್ಮ ಹೆಲ್ಮೆಟ್ ಕಳಚಿ ಆತನ ಕೈಗೇ ಕೊಟ್ಟರು. ಅಷ್ಟು ಆಸೆ ಇದ್ದರೆ ನೀವೇ ಹತ್ತಿ ಹೋಗಿ ಎಂದರು. ಆತ ಅದನ್ನು ತಿರುಗಿಸಿ ನೋಡಿ ಬಿಳಿಚಿಕೊಂಡ.

"ಈಸ್ ದಟ್ ಬ್ಲಡ್?"

"ನಾಟ್ ಯೆಟ್," ಅಂದರು ಅಕ್ಕೋರು.

ಆತ ಹತ್ತಲಿಲ್ಲ. ಮುಂದಿನ ಭಾನುವಾರ ಅದೇ ಸವಾರ, ಅದೇ ಮುರಿದ ಮಡ್‌ಗಾರ್ಡಿನೊಂದಿಗೆ ತಾನಾಗಿ ಗೇಟಿಗೆ ಬಂದ; ಬೈಕ್ ಹುಚ್ಚು ಹಿಡಿದವನು ಇನ್ನೆಲ್ಲಿಗೆ ಹೋದಾನು? ಅಕ್ಕೋರು ಹೆಲ್ಮೆಟ್ ತೆಗೆದು, ಮೆಲ್ಲಗೆ ಮಾತಾಡಿ, ಈ ಸೀಸನ್ ಪೂರ್ತಿ ನಿನಗೆ ಪ್ರವೇಶವಿಲ್ಲ ಎಂದರು. ಅವನು ತಲೆ ತಗ್ಗಿಸಿ ಬೈಕು ತಳ್ಳಿಕೊಂಡು ಹೋದ.

ಮ್ಯಾನೇಜರಿಗೆ ಅದೂ ಸಾಲಲಿಲ್ಲ. ಅಕ್ಕೋರನ್ನು ತರಬೇತಿಯಿಂದ ಬಿಡಿಸಿ ಗೇಟು ಕಾಯಲು ಹಾಕಿದ. ಬುದ್ಧಿವಂತ! ಒಳಗೆ ಬರುವ ಪ್ರತಿ ಹೊಸ ಗಸ್ತಿನವನೂ ಆ ಗೇಟಿನಿಂದಲೇ ಬರಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅಕ್ಕೋರು ಅಡ್ಡಪಟ್ಟಿ ಎತ್ತುವ ಮೊದಲು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಅವರ ನಿವೃತ್ತಿಯವರೆಗೂ ಯಾರೂ ಬೆನ್ನಟ್ಟಲಿಲ್ಲ.

ಅಕ್ಕೋರು ಕ್ಯಾನ್ಸರ್ ಬಂದು ಗಂಡನ ಆಸ್ಪತ್ರೆಯಲ್ಲೇ ಮಲಗಿದ್ದಾಗ ನೋಡಲು ಹೋದೆ. ಹಣೆಯಲ್ಲಿ ಕುಂಕುಮ ಇತ್ತು. "ಬೆನ್ನ ಹತ್ತೀಯೇನು?" ಎಂದು ಕೇಳಿದರು. ಇಲ್ಲ ಅಕ್ಕೋರೇ ಎಂದೆ. "ಹತ್ತಿದ್ರ ಬಂದು ಕೀಲಿ ಕಸೀತೀನಿ ನೋಡು." ಆ ವಾರವೇ ಹೋದರು. ಅವರಿಗೆ ಅತ್ತಷ್ಟು ನಾನು ನನ್ನ ತಾಯಿಗೂ ಅತ್ತಿರಲಿಲ್ಲ.

ಡಾಕ್ಟರು ಹೆಲ್ಮೆಟ್ಟನ್ನು ನನಗೆ ಕೊಟ್ಟರು. ಈಗ ತರಬೇತಿ ನನ್ನದು, ಮ್ಯಾನೇಜರ್ ಬೇರೆಯವನು, ಬೆನ್ನಟ್ಟುವುದನ್ನು ಕಲಿಸಿ ಎಂಬ ಆಜ್ಞೆ ಮಾತ್ರ ಹಳೆಯದೇ. ಮೊದಲ ದಿನ ಹೆಲ್ಮೆಟ್ಟನ್ನು ಹೊಸಬರ ಕೈಯಿಂದ ಕೈಗೆ ದಾಟಿಸುತ್ತೇನೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಇದು ರಕ್ತವೇ ಎಂದು.

"ನಾಟ್ ಯೆಟ್," ಎನ್ನುತ್ತೇನೆ. ಆಮೇಲೆ ಎಲ್ಲರ ಕೀಲಿ ಕಿತ್ತುಕೊಂಡು ಪಾಠ ಶುರು ಮಾಡುತ್ತೇನೆ.