ಅಮ್ಮನ ಬಲೆ, ನನ್ನ ಚೂರಿ

ಮೂವತ್ತೆರಡನೆಯ ವಯಸ್ಸಿನಲ್ಲಿ ಡೈವಿಂಗ್ ಕಲಿತು, ನಾನೊಂದು ಚೂರಿ ಕೊಂಡೆ. ಮೊಣಕಾಲಿನ ಕೆಳಗೆ ಪಟ್ಟಿ ಬಿಗಿದು ಕಟ್ಟಿಕೊಳ್ಳುವಂಥದ್ದು. ಒಂದು ಅಂಚು ಹರಿತ, ಇನ್ನೊಂದಕ್ಕೆ ಗರಗಸದ ಹಲ್ಲು, ತುದಿ ಮಾತ್ರ ಮೊಂಡು. ಅಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೈಟಿಯ ಮೇಲೇ ಅದನ್ನು ಕಟ್ಟಿಕೊಂಡು ತ್ರಾಸಿಯ ನಮ್ಮ ಮನೆಯಂಗಳದಲ್ಲಿ ಮೂರು ಸುತ್ತು ಹಾಕಿದೆ. ಕೋಳಿಗಳು ದಾರಿ ಬಿಟ್ಟವು.

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಅಮ್ಮ ತಲೆಯೆತ್ತಿದಳು. "ಅದೆಂತದ್, ಹೆಣೆ? ಯಾರನ್ ಚುಚ್ಚುಕೆ?"

"ಚುಚ್ಚುಕಲ್ಲ ಅಮ್ಮ. ನೀರಡಿ ಬಲೆ ಸುತ್ಕಂಡ್ರೆ ಕೊಯ್ಕಂಡ್ ಬಪ್ಪುಕೆ."

ಜನರನ್ನು ಚುಚ್ಚುವುದಕ್ಕೆ ಎಂದಿದ್ದರೂ ಅವಳು ಅಷ್ಟು ಬೆಚ್ಚುತ್ತಿರಲಿಲ್ಲವೇನೋ. ನಮ್ಮದು ಮೀನುಗಾರರ ಮನೆ. ಬಲೆ ಹರಿದರೆ ಹೊಲಿಯುತ್ತೇವೆ, ಸಿಕ್ಕಾದರೆ ಬೆರಳಿನಿಂದ ಬಿಡಿಸುತ್ತೇವೆ, ಕತ್ತಿ ಮಾತ್ರ ತಾಗಿಸುವುದಿಲ್ಲ. ಇದು ಬರೀ ಸಲಕರಣೆ ಎಂದು ನಾನು ವಾದಿಸಿದೆ. ಬಲೆಯ ಪಾಲಿಗೆ ಇದು ಆಯುಧವೇ ಎಂದಳು ಅಮ್ಮ. "ಬಲೆಗೆ ತಾಗ್ಸುದಿಲ್ಲೆ ಅಂತ ನನ್ ತಲೆ ಮೇಲ್ ಕೈ ಇಟ್ಟ್ ಹೇಳ್."

ಇಟ್ಟು ಹೇಳಿದೆ. ಅಂಗೈಗೆ ಅವಳ ತಲೆಯ ಎಣ್ಣೆ ಮೆತ್ತಿತು.

ಅದೇ ತಿಂಗಳು ಅಪ್ಪನ ಬಲೆ ಕಡಲಡಿಯ ಕಲ್ಲಿಗೆ ಸಿಕ್ಕಿಬಿತ್ತು. ಬಿಡಿಸಿ ತರುತ್ತೇನೆಂದು ದೋಣಿಯಿಂದ ನಾನೊಬ್ಬಳೇ ಇಳಿದೆ. ಜೊತೆಯಿಲ್ಲದೆ ಇಳಿಯಬಾರದೆಂಬುದು ಮೊದಲ ಪಾಠ. ಆದರೆ ಅಪ್ಪನೆದುರು ಮೆರೆಯುವ ಹುಚ್ಚಿನಲ್ಲಿ ಪಾಠ ಯಾರಿಗೆ ಬೇಕು? ಬಲೆ ಕಲ್ಲನ್ನು ಬಿಟ್ಟಿತು, ನನ್ನ ಬೆನ್ನಿನ ಸಿಲಿಂಡರನ್ನು ಹಿಡಿಯಿತು. ತಿರುಗಿದೆ, ಇನ್ನೊಂದು ಸುತ್ತು ಬಿತ್ತು. ಕೈ ಚೂರಿಯವರೆಗೆ ಹೋಯಿತು, ಅಮ್ಮನ ತಲೆ ನೆನಪಾಗಿ ವಾಪಸು ಬಂತು. ಗಾಳಿ ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಇಳಿಯುತ್ತಿತ್ತು. ಸುಳ್ಳೇಕೆ, ಜೀವ ಬಾಯಿಗೆ ಬಂದಿತ್ತು. ಬೆನ್ನ ಹಿಂದೆ ತಡಕಾಡುತ್ತ ಎಳೆ ಎಳೆಯಾಗಿ ಬಿಡಿಸಿ, ಅಂತೂ ಮೇಲೆ ಬಂದೆ. ಬಂದವಳಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನನಗೆ ನೀರು ತಲೆಗೇರಿದೆ ಎಂದುಕೊಂಡ.

ಮನೆಗೆ ಬಂದದ್ದೇ ಅಮ್ಮನ ಮುಂದೆ ಜಂಬ ಕೊಚ್ಚಿದೆ. "ಒಂದ್ ಎಳೆಯೂ ಹರಿಲಿಲ್ಲೆ ಅಮ್ಮ. ಗಾಳಿ ಮುಗುಕೆ ಬಂದಿತ್, ಆದ್ರೂ ಚೂರಿ ಮುಟ್ಲಿಲ್ಲೆ."

ಶಾಭಾಸ್‌ಗಿರಿಗೆ ಕಾದು ನಿಂತಿದ್ದೆ. ಬಿದ್ದದ್ದು ಬೆನ್ನಿಗೊಂದು ಗುದ್ದು.

"ಬಲೆ ಹರದ್ರೆ ನಾ ಹೊಲಿತೆ. ನೀ ಹೋದ್ರೆ ಎಂತ ಹೊಲಿಯುದ್?"

ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋದಳು. ಆ ವಾರವಷ್ಟೇ ಹೊಲಿದು ಮುಗಿಸಿದ್ದ ಬಲೆಯನ್ನು ತಂದು ನನ್ನ ತಲೆಯ ಮೇಲೆಯೇ ಬೀಸಿದಳು. "ಕೊಯ್ಯ್."

"ಹಳತ್ ಇಲ್ಯಾ ಅಮ್ಮ?"

"ಹಳತಕ್ಕೆ ಯಾರ್ ಕೈಯೂ ಓಡತ್ತ್. ಇದನ್ನೇ ಕೊಯ್ಯ್."

ಅಪ್ಪ ಒಂದು, ಎರಡು ಎಂದು ಎಣಿಸತೊಡಗಿದ. ಮೊದಲ ಎಳೆಯನ್ನು ಕಣ್ಣು ಮುಚ್ಚಿಕೊಂಡು ಕೊಯ್ದೆ. ಆಮೇಲೆ ಕೈ ಪರಪರ ಓಡಿತು. ಬಲೆಗೆ ಬಿದ್ದ ಬಂಗುಡೆಯಂತೆ ಅಂಗಳದಲ್ಲಿ ಹೊರಳಾಡಿದೆ, ಕೋಳಿಗಳು ಮತ್ತೆ ಓಡಿದವು, ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. "ಬೆನ್ನ್ ಬದಿ, ಬೆನ್ನ್ ಬದಿ" ಎಂದು ಕೂಗುತ್ತ ಅಮ್ಮನೂ ನಗುತ್ತಿದ್ದಳು. ಹೊರಬಂದರೆ ಮತ್ತೆ ಬೀಸಿದಳು, ಮೂರನೆಯ ಸಲ ಅಪ್ಪ ಇಪ್ಪತ್ತು ಎನ್ನುವಷ್ಟರಲ್ಲಿ ನನ್ನ ತಲೆ ಹೊರಗಿತ್ತು.

ಅಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ನಾನು ಕೊಯ್ದ ತೂತಿನಿಂದಲೇ ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಈಗ ಹೇಳ್," ಎಂದಳು, "ಸಿಕ್ರೆ ಕೊಯ್ತೆ ಅಂತ."