ಹಸಿರು ಕತ್ತೆ, ನೀಲಿ ಟೋಪಿ

ನಮ್ಮ ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ಅದರ ಸಂದು ಮುಚ್ಚಲೆಂದು ತಂದ ಪುಟ್ಟಿ ಎಂಬ ಅಂಟಿನಲ್ಲಿ ನಾನು ಗೊಂಬೆ ಮಾಡುತ್ತೇನೆ. ಎರಡು ಉಂಡೆಗಳನ್ನು ಕೂಡಿಸಿ ನಾದಿದರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತದೆ. ಅಷ್ಟರೊಳಗೆ ಪೊರಕೆಕಡ್ಡಿಯ ಸುತ್ತ ಕೈ, ಕಾಲು, ಮೂಗು ಕೂರಿಸಿಬಿಡಬೇಕು. ಗೊಂಬೆ ಹೆಬ್ಬೆರಳಿನಷ್ಟೇ ಎತ್ತರ. ಅದನ್ನು ಖಾಲಿ ಔಷಧಿ ಬಾಟಲಿಯ ಮುಚ್ಚಳಕ್ಕೆ ಅಂಟಿಸಿ, ಬಾಟಲಿ ಹಿಡಿದುಕೊಂಡು ಬಣ್ಣ ಹಚ್ಚುತ್ತೇನೆ. ಹಸಿ ಬಣ್ಣಕ್ಕೆ ಬೆರಳು ತಾಗುವುದಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಊಟದ ಮೇಜು ನನ್ನದು. ಬೆಳಕು ಅಲ್ಲೇ ಬೀಳುತ್ತದೆ.

ಮಾಡುವುದೆಲ್ಲ ಚಿಕ್ಕಂದಿನ ಆಟಿಕೆಗಳನ್ನೇ. ಕೀಲಿ ಕೊಟ್ಟರೆ ತಾಳ ಬಡಿಯುವ ಕೋತಿ, ತಗಡಿನ ಬಸ್ಸು, ತಲೆ ಅಲ್ಲಾಡಿಸುವ ಅಜ್ಜ.

"ನಲ್ಲಿಗಿಲ್ಲದ ಪುಟ್ಟಿ ಕೋತಿಗೆ ಐತೆ ನೋಡು," ಎನ್ನುತ್ತಾರೆ ನಮ್ಮ ಮನೆಯವರು. ಬಕೆಟ್ ಇಡುವುದನ್ನು ಮಾತ್ರ ಅವರು ಮರೆಯುವುದಿಲ್ಲ.

ಒಂದು ದಿನ ಹರಿಹರದಿಂದ ಫೋನ್ ಬಂತು. ಮಾಡಿದವಳು ನಾವೆಲ್ಲ ಚಿಕ್ಕಮ್ಮನಂತೆ ಚಾಚಿ ಎಂದು ಕರೆಯುತ್ತಿದ್ದವರ ಮಗಳು, ನನ್ನ ಓರಗೆಯವಳು. ಹರಿಹರದ ನನ್ನ ತವರಿಗೂ ಅವರ ಮನೆಗೂ ನಡುವೆ ಒಂದೇ ಗೋಡೆ ಇತ್ತು. "ಅಮ್ಮಿದು ಒಂದು ಕಣ್ಣು ಮೊದ್ಲೇ ಹೋಗಿತ್ತಲ್ಲ, ಇನ್ನೊಂದೂ ಹೊಂಟೈತೆ ಕಣೇ. ಇನ್ನ ಮಾಡಾದು ಏನೂ ಇಲ್ಲ ಅಂದ್ರು ಡಾಕ್ಟ್ರು. ನೀ ಗೊಂಬೆ ಮಾಡ್ತಿ ಅಂತ ಹೇಳಿದ್ದೆ. ನಮ್ಮ ಅಂಚೆಯವನ್ನ ಮಾಡ್ತಾಳೇನು ಕೇಳು, ಒಂದ್ಸಲ ನೋಡ್ತೀನಿ ಅಂತಾಳೆ. ಜಲ್ದಿ ಮಾಡು."

ಅಂಚೆಯವ ಯಾರೆಂದು ನನಗೆ ಹೇಳಬೇಕಿರಲಿಲ್ಲ. ನಮ್ಮ ಓಣಿಗೆಲ್ಲ ಇದ್ದದ್ದು ಚಾಚಿಯ ಮನೆಯ ಟಿವಿ ಒಂದೇ. ಭಾನುವಾರ ಬೆಳಿಗ್ಗೆ ಅದರಲ್ಲಿ ಒಂದು ಗೊಂಬೆಯಾಟ ಬರುತ್ತಿತ್ತು: ಒಬ್ಬ ಅಂಚೆಯವ, ಅವನದೊಂದು ಕತ್ತೆ, ತೀರದ ಜಗಳ. ಮಾತೆಲ್ಲ ಹಿಂದಿ. ನಮಗೆ ಒಂದಕ್ಷರ ತಿಳಿಯದು. ಚಾಚಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕನ್ನಡದಲ್ಲಿ ಹೇಳುತ್ತಿದ್ದರು. "ಕತ್ತೆ ಏನಂತೈತೆ ಅಂದ್ರೆ, ಮಂದಿ ಕಾಗದ ನಾನ್ಯಾಕೆ ಹೊರ್ಲಿ, ನನಗ್ಯಾರು ಬರೀತಾರೆ ಅಂತೈತೆ." ಕತ್ತೆ ಬಾಯಿ ತೆರೆಯದೆ ಸುಮ್ಮನೆ ನಿಂತಿದ್ದಾಗಲೂ ಚಾಚಿಗೆ ಅದರ ಮಾತು ಕೇಳಿಸುತ್ತಿತ್ತು.

ಮೊಬೈಲಿನಲ್ಲಿ ಹುಡುಕಿದೆ. ಆ ಆಟದ ಒಂದು ತುಣುಕು ಯಾರೋ ಹಾಕಿದ್ದರು. ಅಂಚೆಯವನ ಅಂಗಿ ಖಾಕಿ, ಟೋಪಿ ಖಾಕಿ, ಕತ್ತೆ ಬೂದಿ ಬಣ್ಣ. ಮತ್ತೆ ಮತ್ತೆ ನಿಲ್ಲಿಸಿ ನೋಡಿ ಹಾಗೆಯೇ ಹಚ್ಚಿದೆ. ಸೊನ್ನೆ ನಂಬರಿನ ಬ್ರಷ್ಷಿನಲ್ಲಿ ಅಂಗಿಯ ಗುಂಡಿಗಳನ್ನೂ ಬರೆದೆ. ಸ್ಟೀಲ್ ಡಬ್ಬಿಗೆ ಮಂಡಕ್ಕಿ ತುಂಬಿ, ಅದರ ನಡುವೆ ಇಬ್ಬರನ್ನೂ ಹೂತಿಟ್ಟು ಹರಿಹರದ ಬಸ್ಸು ಹತ್ತಿದೆ. ಹತ್ತಿಗಿಂತ ಮಂಡಕ್ಕಿ ವಾಸಿ, ಗೊಂಬೆಯ ಮೂಗಿಗೆ ಎಳೆ ಅಂಟುವುದಿಲ್ಲ.

ಚಾಚಿ ಅಂಚೆಯವನನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೇರಕ್ಕೆ ನೋಡದೆ, ಕೋಳಿ ಕಾಳು ನೋಡುವಂತೆ ಮುಖ ಓರೆ ಮಾಡಿ ನೋಡಿದರು.

"ಯಾರಿವ?"

"ಅಂಚೆಯವ, ಚಾಚಿ."

"ಯಾವೂರವ? ಮಣ್ಣಾಗ ಹೊಳ್ಳಾಡಿ ಬಂದಂಗೆ ಅದಾನೆ. ನಮ್ಮವ ಅಲ್ಲ ಬಿಡು."

"ವಿಡಿಯೋ ನೋಡ್ಕೊಂಡೇ ಹಚ್ಚೀನಿ. ಅವಂದು ಖಾಕಿನೇ."

"ವಿಡಿಯೋದವ್ರಿಗೆ ಏನು ಗೊತ್ತವ್ವಾ? ನಮ್ಮವನ ಟೋಪಿ ನೀಲಿ. ಕತ್ತೆ ಹಸಿರು."

ಹಸಿರು ಕತ್ತೆ ಎಂದೊಡನೆ ನನಗೆ ನಗು ತಡೆಯಲಿಲ್ಲ. ಮಗಳು ನನ್ನನ್ನು ಪಡಸಾಲೆಗೆ ಕರೆದೊಯ್ದು, "ನಗಬ್ಯಾಡ. ಅವಳಿಗೆ ನಡುವೆಲ್ಲ ಮಬ್ಬು, ಮುಖ ಮೂಗು ಕಾಣಂಗಿಲ್ಲ. ಬಣ್ಣ ಅಷ್ಟೇ ಗುರ್ತು," ಎಂದಳು. ಹಾಗೆನ್ನುತ್ತ ಟಿವಿ ಇದ್ದ ಮೂಲೆಯ ಕಡೆ ತಿರುಗಿದವಳು ತಾನೇ ನಕ್ಕುಬಿಟ್ಟಳು. "ಲೇ, ಹಾಳೆ! ನಮ್ಮ ಅಬ್ಬಾ ತಂದ ಹಾಳೆ!"

ಆ ಟಿವಿ ಕಪ್ಪು ಬಿಳುಪಿನದು. ಸೈಕಲ್ ಅಂಗಡಿ ಇಟ್ಟಿದ್ದ ಅವಳಪ್ಪ, ಚಾಚಾ, ಒಮ್ಮೆ ಬಜಾರಿನಿಂದ ಪ್ಲಾಸ್ಟಿಕ್ಕಿನ ಬಣ್ಣದ ಹಾಳೆಯೊಂದನ್ನು ತಂದು ಅದರ ಗಾಜಿನ ಮುಂದೆ ಕಟ್ಟಿದ್ದರು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. "ಇವತ್ತಿಂದ ನಮ್ದು ಕಲರ್ ಟಿವಿ," ಎಂದು ಓಣಿಗೆಲ್ಲ ಸಾರಿದ್ದರು. ಅದರಲ್ಲಿ ಯಾರೇ ಬರಲಿ, ತಲೆ ನೀಲಿ, ಹೊಟ್ಟೆ ಕಿತ್ತಳೆ, ಕಾಲು ಹಸಿರು. ಕುಳ್ಳ ಕತ್ತೆ ಮೇಲಿನ ಬಣ್ಣಗಳಿಗೆ ಎಟುಕುತ್ತಲೇ ಇರಲಿಲ್ಲ, ಹಾಗಾಗಿ ಪೂರ್ತಿ ಹಸಿರು. ಅಷ್ಟು ವರ್ಷ ಅದನ್ನೇ ನೋಡಿದ್ದ ನಾನು ಈಗ ಮೊಬೈಲನ್ನು ನಂಬಿದ್ದೆ.

ಮನೆಗೆ ಬಂದು ಮೊದಲಿನಿಂದ ಶುರು ಮಾಡಿದೆ. ಮೊದಲು ಎಲ್ಲವನ್ನೂ ಬಿಳಿ, ಬೂದಿ, ಕಪ್ಪಿನಲ್ಲೇ ಮುಗಿಸಿ, ಅದರ ಮೇಲೆ ನೀರುನೀರಾದ ನೀಲಿ, ಕಿತ್ತಳೆ, ಹಸಿರು ಎಳೆದೆ. ಹಾಳೆಯ ಹಿಂದಿದ್ದಂತೆಯೇ ಬಂತು, ಆದರೆ ಚಾಚಿಯ ಕಣ್ಣಿಗೆ ಅಷ್ಟು ತೆಳು ಸಾಲದು. ಆರಿದ ಮೇಲೆ ಮತ್ತೊಂದು ಕೈ, ಅದು ಆರಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಚಾಚಿಯ ಕಣ್ಣು ಅಲ್ಲಿತನಕ ಕಾಯುತ್ತದೋ ಇಲ್ಲವೋ ಎಂಬ ಯೋಚನೆಯಲ್ಲಿ ಒಮ್ಮೆ ಕತ್ತೆಯ ಬೆನ್ನನ್ನು ಹಾಗೆ ಕೆಡಿಸಿಕೊಂಡೆ ಕೂಡ.

ಈ ಸಲ ಡಬ್ಬಿ ತೆರೆದು ಅಂಚೆಯವನನ್ನು ಕೈಗಿಟ್ಟ ಕೂಡಲೇ ಚಾಚಿ, "ಬಂದ್ನಪ್ಪಾ ನಮ್ಮವ! ಎಲ್ಲಿ, ಎಲ್ಲಿ ಅವನ ಕತ್ತೆ?" ಎಂದರು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಮುಖ ಓರೆ ಮಾಡಿ ಕುಳಿತರು. ಮಗಳು ಮಂಡಕ್ಕಿಗೆ ಈರುಳ್ಳಿ ಹೆಚ್ಚಿ ಹಾಕಿ ತಂದಳು. ತಿನ್ನುತ್ತ ಚಾಚಿ ತಕರಾರು ತೆಗೆದರು.

"ಇವ ಕುಂತ್ಕೊಂಡ್ರೆ ಟೋಪಿ ಕಿತ್ತಳೆ ಆಗ್ತಿತ್ತಲ್ಲ. ಅದನ್ನ ಹೆಂಗೆ ಬಳೀತಿ?"

"ಕುಂತವನ್ನ ಬ್ಯಾರೆ ಮಾಡ್ಬೇಕು, ಚಾಚಿ."

"ಮಾಡು ಮತ್ತೆ. ನಲ್ಲಿ ಹೆಂಗೂ ಸೋರ್ತೈತಂತಲ್ಲ."

ನಲ್ಲಿಯ ಸುದ್ದಿ ಹರಿಹರ ಮುಟ್ಟಿತ್ತು.

ಕುಳಿತವನಿಗೆ ಕೊನೆಯ ವಾರ್ನಿಶ್ ಹಚ್ಚುತ್ತಿದ್ದಾಗ ಚಾಚಿಯ ಮಗಳ ಫೋನ್ ಬಂತು: "ನಿನ್ನೆಯಿಂದ ಅಮ್ಮಿ ಕಿಟಕಿ ಯಾವ ಕಡೆ ಐತೆ ಅಂತ ಕೇಳ್ತಾಳೆ." ಆರುವ ತನಕ ಕಾಯಲಿಲ್ಲ. ಗೊಂಬೆಯನ್ನು ಬಾಟಲಿಯ ಮೇಲೆಯೇ ನೆಟ್ಟಗೆ ಹಿಡಿದು ಬಸ್ಸಿನಲ್ಲಿ ಕುಳಿತೆ. ಪಕ್ಕದ ಹೆಂಗಸು, "ಏನ್ರಿ ಅದು, ದೇವ್ರಾ?" ಎಂದು ಕೇಳಿದರು. "ಅಂಚೆಯವ್ರಿ," ಎಂದೆ.

ಚಾಚಿಯನ್ನು ಬಾಗಿಲ ಬಿಸಿಲಿಗೆ ಕೂರಿಸಿದೆವು. ಹಸಿ ಇದೆ, ಮುಟ್ಟಬೇಡಿ ಎಂದೆ. ಯಾವ ಗೊಂಬೆಯೆಂದು ಹೇಳಲಿಲ್ಲ. ಬಾಟಲಿಯನ್ನು ಅವರ ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದಕ್ಕೆ ತಂದೆ. ಒಂದು ಕಡೆ ಅವರು, "ತಡಿ, ಅಲ್ಲೇ ಹಿಡಿ," ಎಂದರು. ನನ್ನ ಕೈ ನೋಯುವಷ್ಟು ಹೊತ್ತು ನೋಡಿದರು.

"ಟೋಪಿ ಕಿತ್ತಳೆ."

"ಹೂಂ, ಚಾಚಿ."

"ಹಂಗಾರೆ ಕುಂತಾನೆ," ಎಂದರು. "ಕುಂದರ್ಲಿ ಬಿಡು. ಬಿಸ್ಲಾಗ ನಡ್ಕೊಂಡು ಬಂದಾನೆ."